ಅವರು ತಿರುಗಿ ಮಾತಾಡಿದರೆ?

ಪದವಿಯಲ್ಲಿ ಇತಿಹಾಸವನ್ನೋ ವಾಣಿಜ್ಯವನ್ನೋ ಮುಖ್ಯವಾಗಿ ಓದುತ್ತಾ, ಜೊತೆಗೆ ಜಾಗತಿಕ ಸಂಸ್ಕೃತಿ ಮತ್ತು ಅಂತರರಾಷ್ಟ್ರೀಯ ವಿದ್ಯಮಾನಗಳಂಥ ಮೈನರ್ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಯನ್ನು ಮನೆಯವರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಏನು ಪ್ರಯೋಜನ? ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಎಂದೂ ನೋಡದ ಜನರ ಬಗ್ಗೆ ನಾಲ್ಕಾರು ಪಾಠ ಓದಿ, ‘ಅವರು ಹೀಗೆ’ ಎಂದು ಬರೆಯುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಪ್ರಸಿದ್ಧ ಉದಾಹರಣೆ ರುತ್ ಬೆನೆಡಿಕ್ಟ್. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕ ಸರ್ಕಾರ ಈ ಮಾನವಶಾಸ್ತ್ರಜ್ಞೆಗೆ ಜಪಾನೀಯರ ಸ್ವಭಾವವನ್ನು ಅಧ್ಯಯನ ಮಾಡುವ ಕೆಲಸ ಒಪ್ಪಿಸಿತು. ಶತ್ರುವನ್ನು ಅರಿಯಬೇಕಿತ್ತು. ಆಕೆ ಜಪಾನಿಗೆ ಹೋದವರಲ್ಲ, ಆ ಭಾಷೆಯೂ ಬರುತ್ತಿರಲಿಲ್ಲ. ಪುಸ್ತಕ, ಸಿನಿಮಾಗಳನ್ನು ಮತ್ತು ಅಮೆರಿಕದಲ್ಲಿದ್ದ ಜಪಾನಿ ಮೂಲದವರ ಮಾತನ್ನು ನೆಚ್ಚಿಕೊಂಡರು. ಅದೇ ಹೊತ್ತಿನಲ್ಲಿ ಅದೇ ಸರ್ಕಾರ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಹೀಗೆ 1946ರಲ್ಲಿ ‘ದಿ ಕ್ರಿಸಾಂಥಮಮ್ ಅಂಡ್ ದಿ ಸೋರ್ಡ್’ ಪ್ರಕಟವಾಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಜ್ಞಾನವೆಂದರೆ ಯುದ್ಧದ ಇನ್ನೊಂದು ಆಯುಧ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ 1948ರಲ್ಲಿ ಪುಸ್ತಕ ಜಪಾನಿ ಭಾಷೆಗೆ ಬಂತು. ಅಲ್ಲಿನ ವಿದ್ವಾಂಸರು ಅದನ್ನು ಓದಿದರು, ಜಗಳವಾಡಿದರು, ಕೆಲವನ್ನು ಒಪ್ಪಿದರು, ಕೆಲವನ್ನು ತಳ್ಳಿಹಾಕಿದರು. ಯಾರ ಬಗ್ಗೆ ಬರೆಯಲಾಗಿತ್ತೋ ಅವರೇ ತಿರುಗಿ ಮಾತಾಡಿದರು.

ಕನ್ನಡದ ಓದುಗರಿಗೆ ಈ ಅನುಭವ ಹೊಸದಲ್ಲ. ನಾವೂ ಬೇರೆಯವರ ಪಠ್ಯವಾಗಿದ್ದೇವೆ. ಶಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಮೈಸೂರಿನ ಎ. ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದ ಮೇಲೆ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರು ಕನ್ನಡದ ಗಂಧವಿಲ್ಲದವರಿಗೂ ತಲುಪಿದರು. ಹೆಮ್ಮೆಯ ಮಾತೇ. ಆದರೆ 1992ರಲ್ಲಿ ತೇಜಸ್ವಿನಿ ನಿರಂಜನ ಆ ಅನುವಾದದ ಹಿಂದಿರುವ ಓದಿನ ಕ್ರಮವನ್ನೇ ಪ್ರಶ್ನಿಸಿದರು. ವಸಾಹತುಶಾಹಿಯ ಕಾಲದಿಂದ ಬಂದ ಗ್ರಹಿಕೆಗಳು ಅಲ್ಲಮನ ವಚನಕ್ಕೆ ಏನು ಮಾಡುತ್ತವೆ ಎಂದು ತೋರಿಸಿದರು. ರಾಮಾನುಜನ್ ಅನುವಾದ ಇದರಿಂದ ಸತ್ತುಹೋಗಲಿಲ್ಲ. ಈಗ ಅದನ್ನು ಆ ಆಕ್ಷೇಪದೊಂದಿಗೇ ಓದುತ್ತೇವೆ, ಅಷ್ಟೇ.

ಹಾಗಾಗಿ ‘ಒಳಗಿನವರು ಮಾತ್ರ ಬರೆಯಬೇಕು’ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹೊರಗಿನವರೂ ಬರೆಯಲಿ. ಆದರೆ ಆ ಅಧಿಕಾರ ಪಾಸಾದ ಪರೀಕ್ಷೆಯಿಂದ ಬರುವುದಿಲ್ಲ. ಅವರ ಉತ್ತರಕ್ಕೆ ನಮ್ಮ ವಾಕ್ಯ ಬದಲಾಗಲು ತಯಾರಿದ್ದಾಗ ಮಾತ್ರ ಬರುತ್ತದೆ.

ಇಲ್ಲೊಂದು ತೊಡಕಿದೆ. ‘ಅವರು’ ಎಂದರೆ ಯಾರು? ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯದೇ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ, ನೆನಪನ್ನೇ ಮುಖ್ಯವಾಗಿ ನೆಚ್ಚಿ ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಅದೇ ಪುಸ್ತಕದಲ್ಲಿ, ತಾವು ಆ ಹಳ್ಳಿಯನ್ನು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದ ನೋಡಿದ್ದನ್ನೂ ಹೇಳಿಕೊಂಡರು. ಸ್ವಂತ ಭಾಷೆ, ಸ್ವಂತ ಸೀಮೆ ಇದ್ದೂ ಕೇರಿಯ ಮಾತು ಕಿವಿಗೆ ಬೀಳುವುದು ಕಷ್ಟವಾಯಿತು. ಜಗಲಿಯ ಮೇಲೆ ಕೂತವರು ಎಲ್ಲ ಊರಿನಲ್ಲೂ ಮೊದಲು ಉತ್ತರ ಕೊಡುತ್ತಾರೆ. ಅವರ ಒಪ್ಪಿಗೆಯನ್ನೇ ಸಂಸ್ಕೃತಿಯ ಒಪ್ಪಿಗೆ ಎಂದುಕೊಂಡರೆ, ನಮ್ಮ ಗೌರವ ಅಲ್ಲಿನ ಬಲಾಢ್ಯರ ಪಾಲಾಗುತ್ತದೆ.

ಮೈಸೂರಿನ ವಿದ್ಯಾರ್ಥಿಯೊಬ್ಬ ನಿರಾಶ್ರಿತರ ಸಮಸ್ಯೆಯ ಬಗ್ಗೆ ಹತ್ತು ಅಂಕದ ಉತ್ತರ ಬರೆಯುತ್ತಾನೆ ಎಂದುಕೊಳ್ಳಿ. 1951ರ ವಿಶ್ವಸಂಸ್ಥೆಯ ಒಪ್ಪಂದ, ಅದಕ್ಕೆ ಭಾರತ ಸಹಿ ಹಾಕಿಲ್ಲವೆಂಬ ಸಂಗತಿ, ಎರಡೂ ಅವನಿಗೆ ಬಾಯಿಪಾಠ. ಮಡಿಕೇರಿಗೆ ಹೋಗುವ ದಾರಿಯ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ಬಾಳುತ್ತಿದ್ದಾರೆ. ಅವನಿಗೆ ಅದು ಚಿನ್ನದ ಬಣ್ಣದ ಬುದ್ಧನಿರುವ ಪ್ರವಾಸಿ ತಾಣ. ಅಲ್ಲಿ ಇಲ್ಲೇ ಹುಟ್ಟಿ, ಕನ್ನಡ ಮಾತಾಡುತ್ತಾ, ವಿದೇಶಿಯರ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುವವರಿದ್ದಾರೆ. ಅವನು ಬರೆದ ‘ನಿರಾಶ್ರಿತ’ ಎಂಬ ಪದವನ್ನು ಅವರಲ್ಲೊಬ್ಬರು ಓದಿದರೆ ಏನನ್ನಬಹುದು? ಹಿರಿಯ ಲಾಮಾ ಒಂದು ಹೇಳಿಯಾರು, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ಸುತ್ತುವ ಹೆಂಗಸು ಇನ್ನೊಂದು ಹೇಳಿಯಾಳು.

ಆರು ತಿಂಗಳ ಮೈನರ್ ಓದು ಟಿಬೆಟನ್ನಾಗಲಿ ಜಪಾನನ್ನಾಗಲಿ ಕಲಿಸಿಬಿಡುವುದಿಲ್ಲ. ಬರೆಯುವ ಮುನ್ನ ‘ಇದಕ್ಕೆ ಆಕ್ಷೇಪ ಎತ್ತುವವರು ಯಾರಿರಬಹುದು, ಅವರಲ್ಲಿ ಯಾರ ದನಿ ನನಗಿನ್ನೂ ಕೇಳಿಲ್ಲ’ ಎಂದು ಯೋಚಿಸುವ ಅಭ್ಯಾಸವನ್ನು ಮಾತ್ರ ಕಲಿಸಬಹುದು. ಆ ಆಕ್ಷೇಪಕ್ಕೆ ಉತ್ತರಪತ್ರಿಕೆಯಲ್ಲಿ ಎರಡು ಸಾಲು ಕೊಟ್ಟರೆ ಅಂಕ ಹೆಚ್ಚುವ ಭರವಸೆಯಿಲ್ಲ. ಆದರೂ ಆ ಎರಡು ಸಾಲು ಬರೆಯಬೇಕು.