ಅಟ್ಟದ ಬಿಡಾರ ಮತ್ತು ಮನೆಯೊಡೆಯನ ಹಕ್ಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಂಚಿನ ಮನೆಗಳಲ್ಲಿ ಬದುಕಿದವರಿಗೆ ಈ ಸದ್ದು ಹೊಸತಲ್ಲ. ದೀಪ ಆರಿಸಿ ಮಲಗಿದ ಮೇಲೆ ಮುಚ್ಚಿಗೆಯ ಮೇಲೆ ದಡದಡ ಓಡಾಟ ಶುರುವಾಗುತ್ತದೆ. ಬೆಳಗಾದರೆ ಒಂದೆರಡು ಹಂಚು ಸರಿದಿರುತ್ತದೆ, ಹಲಗೆಯ ಸಂದಿನಿಂದ ಮೂತ್ರದ ನಾತ ಇಳಿದಿರುತ್ತದೆ. ಹೀಗೆ ಬಂದು ಬಿಡಾರ ಹೂಡುವುದು ಹೆಚ್ಚಾಗಿ ಪುನುಗು ಬೆಕ್ಕು. ಮಲಯಾಳ ಮಾತಾಡುವವರು ಇದನ್ನೇ ಮರಪಟ್ಟಿ ಎನ್ನುತ್ತಾರೆ. ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಿನ ಕುಲದ್ದಲ್ಲ. ಎರಡರಿಂದ ಐದು ಕಿಲೋ ತೂಗುವ, ಮೈಯಷ್ಟೇ ಉದ್ದದ ಬಾಲವಿರುವ, ಹಗಲು ಮಲಗಿ ರಾತ್ರಿ ಹಣ್ಣು ಹುಡುಕುವ ಪ್ರಾಣಿ. ಅಮೆರಿಕದ ಮನೆಗಳ ಅಟ್ಟದಲ್ಲಿ ರಕೂನ್ ಕೊಡುವ ಕಾಟವನ್ನೇ ನಮ್ಮಲ್ಲಿ ಇದು ಕೊಡುತ್ತದೆ.

ಇದನ್ನು ಹೊರಹಾಕುವ ಹಕ್ಕು ನಮಗಿದೆಯೇ? ಖಂಡಿತ ಇದೆ. ದುಡಿದು ಬಂದವನಿಗೆ ನಿದ್ದೆ ಬೇಕು. ಹಸುಗೂಸು ಮಲಗುವ ಕೋಣೆಗೆ ಮಲಮೂತ್ರ ಸೋರಬಾರದು. ಪ್ರಾಣಿದಯೆಯ ಮಾತಾಡುತ್ತಾ ಈ ಕಷ್ಟವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಹಾಗಿದ್ದರೆ ಪ್ರಶ್ನೆ ಹಕ್ಕಿನದ್ದಲ್ಲ, ಆ ಹಕ್ಕನ್ನು ಚಲಾಯಿಸುವ ರೀತಿಯದ್ದು.

ಕೆಲವರು ಇದನ್ನು ಕಳ್ಳ ಎನ್ನುತ್ತಾರೆ. ಕಳ್ಳನಿಗೆ ಇದು ಪರರ ಸೊತ್ತೆಂಬ ಅರಿವಿರುತ್ತದೆ. ಪುನುಗು ಬೆಕ್ಕಿಗೆ ನಮ್ಮ ಅಟ್ಟ ಕತ್ತಲೆಯ, ಬೆಚ್ಚಗಿನ ಒಂದು ಪೊಟರೆ ಮಾತ್ರ. ನಿಜವಾದ ಪೊಟರೆಗಳಿದ್ದ ಹಳೆಯ ಮರಗಳನ್ನು ರಬ್ಬರಿಗೆ, ರಸ್ತೆಗೆ, ಮನೆ ನಿವೇಶನಕ್ಕೆಂದು ಕಡಿದವರು ಯಾರು? ಬೈನೆ ಹಣ್ಣು ತಿಂದು ಬೀಜವನ್ನು ದೂರ ದೂರಕ್ಕೆ ಬಿತ್ತುವ ಈ ಜೀವಕ್ಕೆ ಗುಡ್ಡದ ಕಾಡೂ ಋಣಿ. ಅಂದ ಮಾತ್ರಕ್ಕೆ ನಮ್ಮ ಮನೆ ಅದರದ್ದಾಗುವುದಿಲ್ಲ. ಆದರೆ ಅದನ್ನು ಅಪರಾಧಿಯಂತೆ ಶಿಕ್ಷಿಸುವ ಅಧಿಕಾರವೂ ನಮಗೆ ಬರುವುದಿಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ರಕ್ಷಿತ ಪ್ರಾಣಿ. ಅನುಮತಿಯಿಲ್ಲದೆ ಹಿಡಿಯುವುದೂ ಕೊಲ್ಲುವುದೂ ಅಪರಾಧ.

ವಿಷ ಇಡುವುದು ಕ್ರೌರ್ಯವೆಂದು ಎಲ್ಲರಿಗೂ ಗೊತ್ತು. ಆದರೆ ಕ್ರೌರ್ಯವೆಂದೇ ಅನಿಸದ ಎರಡು ಉಪಾಯಗಳಿವೆ. ಒಂದು, ಹಗಲಲ್ಲಿ ಬಡಗಿಯನ್ನು ಕರೆಸಿ ಕಂಡಿ ಮುಚ್ಚಿಸುವುದು. ಹಗಲಲ್ಲಿ ಅದು ಒಳಗೇ ಮಲಗಿರುತ್ತದೆ. ರಾತ್ರಿ ಮುಚ್ಚಿದರೂ ತಾಯಿ ಮೇಯಲು ಹೋಗಿ ಮರಿಗಳು ಒಳಗೆ ಉಳಿದಿರಬಹುದು. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಶಿಕ್ಷೆಗೆ ಗುರಿಯಾದ ಹೆಂಗಸಿನ ವೃತ್ತಾಂತ ಹದೀಸ್‌ನಲ್ಲಿದೆ. ಆಕೆ ಅದನ್ನು ಹೊಡೆದಳೆಂದು ಅಲ್ಲಿಲ್ಲ. ದಾರಿ ಮುಚ್ಚಿದಳು, ಅಷ್ಟೇ. ಕಂಡಿಗೆ ಹಲಗೆ ಬಡಿಯುವ ನಾವು ಮಾಡುವುದೂ ಅಷ್ಟೇ ಅಲ್ಲವೇ? 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯಲ್ಲಿ, ಹುಳುಹುಪ್ಪಟೆಗೆ ಹಾನಿಯಾದೀತೆಂದು ಕತ್ತಲಾದ ಮೇಲೆ ಉಣ್ಣದ ಜೈನರ ನೆರೆಯಲ್ಲಿ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಉಪಾಯ, ಬೋನಿನಲ್ಲಿ ಹಿಡಿದು ಚಾರ್ಮಾಡಿಯ ಕಾಡಿಗೆ ಬಿಟ್ಟುಬರುವುದು. ಇದು ದಯೆಯಂತೆ ಕಾಣುತ್ತದೆ. ಆದರೆ ಗೊತ್ತಿಲ್ಲದ ಕಾಡಿನಲ್ಲಿ ಆಹಾರ ಎಲ್ಲಿದೆ, ಅಡಗುವ ಜಾಗ ಎಲ್ಲಿದೆ ಎಂದು ಅದಕ್ಕೆ ತಿಳಿಯದು. ಅಲ್ಲಿ ಮೊದಲೇ ನೆಲೆಸಿದ ಪ್ರಾಣಿಗಳು ಅದಕ್ಕೆ ಜಾಗ ಬಿಟ್ಟುಕೊಡುವುದಿಲ್ಲ. ಮರಿಗಳಿದ್ದರೆ ಅಟ್ಟದಲ್ಲೇ ಹಸಿದು ಸಾಯುತ್ತವೆ. ಇತ್ತ ಖಾಲಿಯಾದ ತೆರೆದ ಅಟ್ಟಕ್ಕೆ ಇನ್ನೊಂದು ಬರುತ್ತದೆ. ಪ್ರಾಣಿಗಳ ಸ್ಥಳಾಂತರ ಸುಲಭದ ಕೆಲಸವಲ್ಲ. ಜರ್ಮನಿಯ ಎಡರ್ ಸರೋವರದ ಬಳಿ 1934ರಲ್ಲಿ ಎರಡು ಜೋಡಿ ರಕೂನ್‌ಗಳನ್ನು ಕಾಡಿಗೆ ಬಿಟ್ಟರು. ಇಂದು ಆ ದೇಶದಲ್ಲಿ ಅವು ಲಕ್ಷಗಟ್ಟಲೆ ಇವೆ. ನಾವು ದೂರ ಸಾಗಿಸುವುದು ಬಹಳ ಸಲ ಪ್ರಾಣಿಯ ಸಂಕಟವನ್ನಲ್ಲ, ಅದನ್ನು ಕಣ್ಣಾರೆ ಕಾಣುವ ನಮ್ಮ ಸಂಕಟವನ್ನು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಮರಿಗಳಿವೆಯೇ ಎಂದು ತಿಳಿಯಬೇಕು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ಐದು ಮರಿ. ಹಗಲಲ್ಲೂ ಕೀಚು ದನಿ ಕೇಳಿದರೆ ಮರಿಗಳಿವೆ ಎಂದೇ ಎಣಿಸಬೇಕು. ಅವು ತಾಯಿಯ ಹಿಂದೆ ಓಡಾಡುವವರೆಗೆ ಸುಮಾರು ಎರಡು ತಿಂಗಳು ಕಾಯುವುದು ಉತ್ತಮ. ಕಾಯಲಾಗದಿದ್ದರೆ ಅಟ್ಟದಲ್ಲಿ ದೀಪ ಉರಿಸಿ, ರೇಡಿಯೋ ಹಾಕಿಟ್ಟರೆ ನೆಮ್ಮದಿ ಕೆಟ್ಟ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸಬಹುದು. ಅನಂತರ ಕಂಡಿಯ ಬಳಿ ಬೂದಿ ಚೆಲ್ಲಿ, ಹೊರಗೆ ಹೋದ ಹೆಜ್ಜೆ ಮಾತ್ರ ಇರುವುದನ್ನೂ ಒಳಗೆ ಸದ್ದಿಲ್ಲದಿರುವುದನ್ನೂ ಎರಡು ಮೂರು ರಾತ್ರಿ ನೋಡಿಕೊಂಡು ಗಟ್ಟಿ ತಂತಿಬಲೆ ಹೊಡೆಯಬೇಕು. ಒಡೆದ ಹಂಚು ಬದಲಾಯಿಸಿ, ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಸವರಿ, ಅಂಗಳದಲ್ಲಿ ಕೊಳೆತ ಹಣ್ಣು ಬಿಡದಿದ್ದರೆ ಮತ್ತೆ ಬರುವುದು ಕಡಿಮೆ. ಹಿಕ್ಕೆಯನ್ನು ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯಬೇಕು. ಗಾಯಗೊಂಡ ಪ್ರಾಣಿಯಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಬೇಕು.

ಇಷ್ಟೆಲ್ಲ ತಾಳ್ಮೆ ಬಡವನಿಗೆ ಸಾಧ್ಯವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದು. ಮಾಡು ಸೋರುವ ಮನೆಯ ಒಂಟಿ ಮುದುಕಿಗೆ ದಯೆಯ ಪಾಠ ಹೇಳುವುದು ಸುಲಭ, ಏಣಿ ಹಿಡಿದು ಹೋಗಿ ಹಂಚು ಸರಿಪಡಿಸುವುದು ಕಷ್ಟ. ಅಲ್ಲಿ ಕರ್ತವ್ಯ ಆಕೆಯೊಬ್ಬಳದ್ದಲ್ಲ, ನೆರೆಯವರದ್ದು ಕೂಡ. ಉಳ್ಳವರಿಗೆ ಮಾತ್ರ ಈ ನೆಪವಿಲ್ಲ. ಒಂದಷ್ಟು ತಂತಿಬಲೆ ಮತ್ತು ಕೆಲವು ವಾರಗಳ ನಿದ್ದೆಗೇಡು ಅವರ ಮಟ್ಟಿಗೆ ದೊಡ್ಡ ಬೆಲೆಯಲ್ಲ.

ನಮ್ಮನ್ನು ಎದುರಿಸಲಾರದ, ನಮ್ಮ ಕಾನೂನು ಅರಿಯದ, ನ್ಯಾಯ ಕೇಳಲು ಬಾಯಿಲ್ಲದ ಜೀವವೊಂದು ನಮ್ಮ ಕೈಗೆ ಸಿಕ್ಕಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ. ಮನೆ ನಮ್ಮದೇ. ಅದನ್ನು ಖಾಲಿ ಮಾಡಿಸುವುದೂ ನ್ಯಾಯವೇ. ಆದರೆ ಹೊರಡುವವರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಷ್ಟು ಸಮಯವನ್ನಾದರೂ ಕೊಡಬೇಕು.