ತೇಪೆ ಹಾಕಿದವನ ಹೆಸರು

ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಹುಡುಗರು ಬಸ್ಸು ಹಿಡಿದು ಬರುತ್ತಾರೆ. ಅವರಲ್ಲಿ ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬ ಒಂದು ಸಂಜೆ ತರಗತಿ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಎಲ್ಲರೂ ಹೋದ ಬಳಿಕ ಮೆಲ್ಲಗೆ ಕೇಳಿದ: "ಸರ್, ಬ್ಯಾರೆ ಹೆಸರ ಹಾಕಿ ಕಳಸಿದ್ರ ನಡೀತೈತೇನ್ರಿ?"

ಅವನು ಕಳುಹಿಸಬೇಕೆಂದಿದ್ದುದು ಒಂದು 'ಪ್ಯಾಚ್'. ಕನ್ನಡದಲ್ಲಿ ತೇಪೆ ಎನ್ನಬಹುದು. ಓಪನ್ ಸೋರ್ಸ್ ತಂತ್ರಾಂಶದ ಒಳಗಿನ ಬರವಣಿಗೆ ಎಲ್ಲರಿಗೂ ತೆರೆದಿರುತ್ತದೆ. ಅದರಲ್ಲಿ ತಪ್ಪು ಕಂಡವರು ಯಾವ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಎಂದು ಕಳೆಯುವ ಮತ್ತು ಕೂಡುವ ಗುರುತು ಹಾಕಿ ಅದನ್ನು ನೋಡಿಕೊಳ್ಳುವವರಿಗೆ ಕಳುಹಿಸುತ್ತಾರೆ. ಅವರು ಪರೀಕ್ಷಿಸಿ ಒಪ್ಪಿದರೆ ಆ ತಿದ್ದುಪಡಿ ಬಳಸುವವರೆಲ್ಲರ ಪಾಲಾಗುತ್ತದೆ. ಹೀಗೆ ಬಂದ ತಿದ್ದುಪಡಿಯನ್ನು ಮೂಲಕ್ಕೆ ತಾನಾಗಿ ಅಂಟಿಸುವ 'ಪ್ಯಾಚ್' ಎಂಬ ಪುಟ್ಟ ಸಾಧನವನ್ನು ಲ್ಯಾರಿ ವಾಲ್ 1985ರಲ್ಲೇ ಬರೆದು ಹಂಚಿದ್ದರು.

ನಮ್ಮ ಹುಡುಗ ಹಿಡಿದಿದ್ದ ಸಾಧನ ಕನ್ನಡದ್ದು. ಹಳೆಯ ಅಕ್ಷರ ಸಂಕೇತದಲ್ಲಿ ಟೈಪಾದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವಂಥದ್ದು. ಅದಕ್ಕೆ ಚಿತ್ರವಿಲ್ಲ, ಮೌಸ್ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶ ಬರೆದರೆ ಸಾಕು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಹಾಗೆ ಹಿಂದಕ್ಕೆ ಸರಿಸುವಾಗ, ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತಕ್ಷರವಿದ್ದರೆ ಸಾಧನ ಎಡವುತ್ತಿತ್ತು. 'ಸಾಮರ್ಥ್ಯ' ಎಂಬ ಪದ ಒಡೆದು ಹೋಗುತ್ತಿತ್ತು. ಹುಡುಗ ನಾಲ್ಕು ಸಾಲಿನಲ್ಲಿ ಅದನ್ನು ಸರಿಪಡಿಸಿದ್ದ.

"ಯಾಕ ತಮ್ಮಾ, ನಿನ್ನ ಹೆಸರಿಗೆ ಏನಾಗೇತಿ?" ಎಂದೆ.

"ಅಣ್ಣ ಬೆಂಗಳೂರಾಗ ಬಾಡಿಗಿ ಮನಿ ನೋಡಾಕ ಹೋಗಿದ್ದಾರಿ. ಮನಿ ತೋರಿಸಿದ್ರು, ಬಾಡಿಗಿ ಹೇಳಿದ್ರು. ಹೆಸರ ಕೇಳಿದ ಮ್ಯಾಲ ಮನಿ ಖಾಲಿ ಇಲ್ಲ ಅಂದ್ರು. ಇಲ್ಲೂ ಹಂಗ ಆದ್ರ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಕಂಪ್ಯೂಟರ್‌ಗೆ ಜಾತಿ-ಧರ್ಮ ಇಲ್ಲ" ಎಂದು ಹೇಳಿ ಕಳುಹಿಸುವುದು ಸುಲಭವಿತ್ತು. ಆದರೆ ತೇಪೆಯನ್ನು ಒಪ್ಪುವುದು ಅಥವಾ ಬಿಡುವುದು ಕಂಪ್ಯೂಟರ್ ಅಲ್ಲ, ಮನುಷ್ಯರು. ಅಮೆರಿಕದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಂತಹ ತಿದ್ದುಪಡಿಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸಿತ್ತು. ಯೋಜನೆಗೆ ಹೊರಗಿನವರಾದ ಮಹಿಳೆಯರು ಕಳುಹಿಸಿದವುಗಳಲ್ಲಿ, ಕಳುಹಿಸಿದ್ದು ಮಹಿಳೆ ಎಂದು ಗೊತ್ತಾಗದಿದ್ದಾಗ ಶೇ. 71.8 ಒಪ್ಪಿಗೆ ಪಡೆದವು; ಗೊತ್ತಾಗುವಂತಿದ್ದಾಗ ಅದು ಶೇ. 62.5ಕ್ಕೆ ಇಳಿಯಿತು. ಅಂದರೆ ಹುಡುಗನ ಅಂಜಿಕೆ ಬುಡವಿಲ್ಲದ್ದಲ್ಲ.

ಹಾಗಾದರೆ ಹೆಸರೇ ಬೇಡವೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ನಮ್ಮದೇ ತಾಲೂಕಿನ ಚಿಕ್ಕಪಡಸಲಗಿ. 1989ರಲ್ಲಿ ರೈತರು ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ಹಣ, ತಮ್ಮದೇ ಬೆವರು ಸುರಿಸಿ ಕೃಷ್ಣಾ ನದಿಗೆ ಅಲ್ಲಿ ಬ್ಯಾರೇಜ್ ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಓಪನ್ ಸೋರ್ಸ್ ಎಂದರೇನು ಎಂದು ಮಕ್ಕಳು ಕೇಳಿದಾಗ ನಾನು ಮೊದಲು ಹೇಳುವುದು ಇದೇ ಉದಾಹರಣೆ. ಎಲ್ಲರ ಕೈ ಸೇರಿ ಎದ್ದ ಗೋಡೆ, ಎಲ್ಲರ ಹೊಲಕ್ಕೆ ನೀರು. ಇಂತಹ ಗೋಡೆಯಲ್ಲಿ ಕಲ್ಲು ಹೊತ್ತವನ ಜಾತಿ ನೀರಿಗೆ ಗೊತ್ತಾಗುವುದಿಲ್ಲ. ಕಲ್ಲಿನ ಬಿರುಕು ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಪರೀಕ್ಷೆ ಬೇಕು. ಪ್ರಶ್ನೆ ಇಷ್ಟೇ: ಯಾವುದನ್ನು ಪರೀಕ್ಷಿಸಬೇಕು? ಕಲ್ಲನ್ನೋ, ಹೊತ್ತವನನ್ನೋ?

ಹೊತ್ತವನನ್ನು ಪರೀಕ್ಷಿಸಲು ಹೋದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳಿವೆ.

ಮೊದಲನೆಯದು 2021ರದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು ಲಿನಕ್ಸ್ ತಂತ್ರಾಂಶಕ್ಕೆ ಬೇಕೆಂದೇ ದೋಷವಿಟ್ಟ ತೇಪೆಗಳನ್ನು ಕಳುಹಿಸಿ, ನೋಡಿಕೊಳ್ಳುವವರು ಹಿಡಿಯುತ್ತಾರೋ ಇಲ್ಲವೋ ಎಂದು ಪ್ರಯೋಗ ಮಾಡಿದ್ದರು. ಸಂಗತಿ ಬಯಲಾದಾಗ ಸಹಜವಾಗಿಯೇ ಸಿಟ್ಟು ಭುಗಿಲೆದ್ದಿತು. ಏಪ್ರಿಲ್ ತಿಂಗಳಲ್ಲಿ ಆ ಇಡೀ ವಿಶ್ವವಿದ್ಯಾಲಯದಿಂದ ಏನನ್ನೂ ಸ್ವೀಕರಿಸುವುದಿಲ್ಲ ಎಂದು ಹಿರಿಯರೊಬ್ಬರು ಘೋಷಿಸಿದರು. ಅಲ್ಲಿಂದ ಹಿಂದೆ ಬಂದಿದ್ದ 435 ತಿದ್ದುಪಡಿಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಲಾಯಿತು. ಅವುಗಳಲ್ಲಿ 349 ಸರಿಯಾಗಿಯೇ ಇದ್ದವು. 39ರಲ್ಲಿ ಮಾತ್ರ ಇನ್ನೂ ಸರಿಪಡಿಸಬೇಕಾದ ತಪ್ಪುಗಳಿದ್ದವು. ಇನ್ನೊಂದು ವಿಷಯವನ್ನು ಗಮನಿಸಿ. ಮೋಸದ ತೇಪೆಗಳು ಬಂದದ್ದು ವಿಶ್ವವಿದ್ಯಾಲಯದ ಹೆಸರಿನಲ್ಲಲ್ಲ, ಸುಳ್ಳು ಹೆಸರುಗಳಲ್ಲಿ! ಕಾವಲುಗಾರ ಬಾಗಿಲಲ್ಲಿ ನಿಂತು ಊರ ಹೆಸರು ಕೇಳುತ್ತಿದ್ದರೆ ಪ್ರಾಮಾಣಿಕ ವಿದ್ಯಾರ್ಥಿ ಸಿಕ್ಕಿಬೀಳುತ್ತಿದ್ದ, ಮೋಸ ಮಾಡಿದವನು ಒಳಗೆ ಹೋಗುತ್ತಿದ್ದ.

ಎರಡನೆಯದು 2024ರದು, ಇನ್ನೂ ಗಂಭೀರ. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಕಮಾಂಡ್ ಲೈನ್ ಸಾಧನ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಲಾಸೆ ಕೊಲಿನ್ ಒಬ್ಬರೇ. ಅದು ಸಂಬಳವಿಲ್ಲದ ಹವ್ಯಾಸದ ಕೆಲಸ. 2021ರಲ್ಲಿ 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಒಳ್ಳೆಯ, ಉಪಯುಕ್ತ ತೇಪೆಗಳು ಬರಲಾರಂಭಿಸಿದವು. 2022ರಲ್ಲಿ ಬೇರೆ ಕೆಲವು ಅಪರಿಚಿತ ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ವಹಿಸಿಕೊಡಿ ಎಂದು ಕೊಲಿನ್ ಅವರನ್ನು ಪೀಡಿಸಿದವು. ದಣಿದಿದ್ದ ಅವರು ನೆರವಿಗೆ ಬಂದವನನ್ನು ನಂಬಿದರು. ಆ ನಂಬಿಕೆಯ ಬಲದಿಂದಲೇ 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಿಡುಗಡೆಯಾದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಸೇರಿಕೊಂಡಿತು. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿರುವುದೇಕೆ ಎಂದು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಜಗತ್ತನ್ನು ಎಚ್ಚರಿಸಿದರು. ಕಳ್ಳಬಾಗಿಲನ್ನು ತೆರೆಯುವ ಸಾಲುಗಳು ಎಲ್ಲರೂ ನೋಡಬಹುದಾದ ಭಂಡಾರದಲ್ಲಿ ಇರಲಿಲ್ಲ; ಹಂಚಿಕೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ಆ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಬಯಲಾಗಿಲ್ಲ.

ಮೇಲ್ನೋಟಕ್ಕೆ ಇವೆರಡೂ ವಿರುದ್ಧ ಘಟನೆಗಳು. ಒಂದೆಡೆ ಹೆಸರು ನೋಡಿ ದೂರವಿಟ್ಟರು, ಇನ್ನೊಂದೆಡೆ ಹೆಸರು ನೋಡಿ ನಂಬಿದರು. ನಿಜವಾಗಿ ಎರಡೂ ಒಂದೇ ತಪ್ಪು. ಕೆಟ್ಟ ಹೆಸರು ಇರುವವನ ಒಳ್ಳೆಯ ಕೆಲಸವನ್ನೂ, ಒಳ್ಳೆಯ ಹೆಸರು ಗಳಿಸಿದವನ ಕೆಟ್ಟ ಕೆಲಸವನ್ನೂ ನಾವು ನೋಡುವುದಿಲ್ಲ. ಬಾಡಿಗೆ ಮನೆಯ ಮಾಲೀಕ ಮಾಡಿದ್ದೂ ಇದೇ. ಅವನು ಎಚ್ಚರಿಕೆ ವಹಿಸಿದೆ ಎಂದುಕೊಂಡಿರಬಹುದು. ಆದರೆ ನೋಡಬೇಕಾದದ್ದನ್ನು ನೋಡುವ ಶ್ರಮ ತಪ್ಪಿಸಿಕೊಳ್ಳುವುದಕ್ಕೆ ಎಚ್ಚರಿಕೆ ಎಂಬ ಹೆಸರು ಸಲ್ಲದು.

ಹಾಗೆಂದು ಹೆಸರನ್ನೇ ಅಳಿಸಿಬಿಡುವುದೂ ಪರಿಹಾರವಲ್ಲ. ಲಿನಕ್ಸ್ ಬಳಗ 2004ರಿಂದ ಒಂದು ನಿಯಮ ಪಾಲಿಸುತ್ತಿದೆ. ತೇಪೆ ಕಳುಹಿಸುವವರು ಕೊನೆಯಲ್ಲಿ ಹೆಸರು ಬರೆದು ಸಹಿ ಹಾಕಬೇಕು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಭರವಸೆ ಆ ಸಹಿಯಲ್ಲಿದೆ. ನಾಳೆ ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಹೆಸರು ಬೇಕು. ಹೆಸರು ಹೊಣೆಗಾಗಿ ಇರುವುದು, ತೀರ್ಪಿಗಾಗಿ ಅಲ್ಲ. ಇವೆರಡರ ಸ್ಥಾನ ಅದಲುಬದಲಾದಾಗಲೇ ಅನ್ಯಾಯ ಶುರುವಾಗುವುದು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕೆಲಸವನ್ನೇ ನೋಡಿ ಎನ್ನುವುದು ಸುಲಭ, ನೋಡುವವರು ಎಲ್ಲಿದ್ದಾರೆ? ಲಕ್ಷಾಂತರ ಯಂತ್ರಗಳು ನೆಚ್ಚಿಕೊಂಡ ಸಾಧನವನ್ನು ಒಬ್ಬ ದಣಿದ ಮನುಷ್ಯ ಕಾಯುತ್ತಿದ್ದ. ಪುಕ್ಕಟೆ ಬಳಸುವ ನಾವೆಲ್ಲ ಅವನಿಂದ ಕೇಳುತ್ತಿದ್ದೆವೇ ಹೊರತು ಅವನ ಭಾರ ಹಗುರ ಮಾಡಲಿಲ್ಲ. ತೇಪೆ ಕಳುಹಿಸುವುದು ಮಾತ್ರ ಸೇವೆಯಲ್ಲ. ಬೇರೆಯವರ ತೇಪೆಯನ್ನು ಓದುವುದು, ಪರೀಕ್ಷಿಸುವುದು, ತಪ್ಪಿದ್ದರೆ ಸೌಜನ್ಯದಿಂದ ಹೇಳುವುದು ಅದಕ್ಕಿಂತ ದೊಡ್ಡ ಸೇವೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲವನ್ನು ಆ ಸಂಜೆ ಹುಡುಗನಿಗೆ ಹೇಳಲಿಲ್ಲ. ಒಂದನ್ನಷ್ಟೇ ಕೇಳಿದೆ: "ನಿಮ್ಮ ಅಪ್ಪ ನೇಯ್ದ ಸೀರಿ ಕೊಡಾಕ ಹೋದಾಗ ಸಾವಕಾರ ಏನ ನೋಡ್ತಾನ?"

"ಸೀರಿ ಬಿಚ್ಚಿ ನೋಡ್ತಾನ್ರಿ. ಎಳಿ ಹರಿದಲ್ಲಿ ಗಂಟ ಸರಿ ಬಿದ್ದೈತೋ ಇಲ್ಲೋ ಅಂತ."

"ಅಪ್ಪಗ ಸಿಟ್ಟ ಬರ್ತದೇನು?"

"ಯಾಕ ಬರ್ತದ್ರಿ? ಎಲ್ಲಾರ ಸೀರಿನೂ ಹಂಗ ಬಿಚ್ಚಿ ನೋಡ್ತಾನ."

ಅವನಿಗೇ ಉತ್ತರ ಸಿಕ್ಕಿತ್ತು. ಎಲ್ಲರ ಸೀರೆಯನ್ನೂ ಬಿಚ್ಚಿ ನೋಡುವಲ್ಲಿ ಅವಮಾನವಿಲ್ಲ. ಒಬ್ಬನ ಸೀರೆಯನ್ನು ಮಾತ್ರ ಬಿಚ್ಚುವುದು, ಅಥವಾ ಬಿಚ್ಚದೆಯೇ ಹಿಂದಿರುಗಿಸುವುದು ಅವಮಾನ. ಹೆಸರು ಮರೆಮಾಡುವ ಆಯ್ಕೆ ಅವನದೇ ಎಂದೆ; ಎಷ್ಟೋ ಮಂದಿ ಅಡ್ಡಹೆಸರಿನಲ್ಲೇ ಒಳ್ಳೆಯ ಕೆಲಸ ಮಾಡುತ್ತಾರೆ, ಅದು ತಪ್ಪಲ್ಲ. ಅವನು ಮನೆಗೆ ಹೋಗಿ ಯೋಚಿಸಿ, ತನ್ನ ಪೂರ್ತಿ ಹೆಸರಿನಲ್ಲೇ ಕಳುಹಿಸಿದ.

ನಾಲ್ಕು ದಿನದ ನಂತರ ಉತ್ತರ ಬಂತು. ಹೆಸರಿನ ಬಗ್ಗೆ ಒಂದು ಮಾತೂ ಇರಲಿಲ್ಲ. "'ಸಾಮರ್ಥ್ಯ' ಸರಿಯಾಗಿದೆ, ಆದರೆ ಈಗ 'ಕಾರ್ಯಾಲಯ' ಒಡೆಯುತ್ತಿದೆಯಲ್ಲ, ನೋಡಿದಿರಾ?" ಎಂದಷ್ಟೇ ಕೇಳಿದ್ದರು. ಹುಡುಗ ನೋಡಿರಲಿಲ್ಲ. ನಾಚಿಕೊಂಡ, ಮತ್ತೆ ಕುಳಿತ, ಇನ್ನೆರಡು ಸಾಲು ಸೇರಿಸಿ ಕಳುಹಿಸಿದ. ಈ ಸಲ ಒಪ್ಪಿಗೆ ಸಿಕ್ಕಿತು.

ಆ ಪ್ರಶ್ನೆ ಬಂದ ದಿನ ಅವನ ಮುಖದಲ್ಲಿದ್ದ ಸಂತೋಷ ಒಪ್ಪಿಗೆ ಸಿಕ್ಕ ದಿನ ಇದ್ದುದಕ್ಕಿಂತ ಹೆಚ್ಚಾಗಿತ್ತು. "ಸರ್, ಬಿಚ್ಚಿ ನೋಡ್ಯಾರ್ರಿ" ಎಂದಿದ್ದ. ಅವನ ಅಣ್ಣ ಬೆಂಗಳೂರಿನಲ್ಲಿ ಈಗಲೂ ಮನೆ ಹುಡುಕುತ್ತಿದ್ದಾನೆ.