ಇಂದಿನ ಧಮ್ಮ ಚಿಂತನೆ: ಹೆಸರು ಬಿಡದ ಡೇವಿಡ್



ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹ್ಯಾಕ್ನಿ ಮನೆತನದ ಮೂವರು ಕಪ್ಪು ಸಹೋದರರು ಒಂದು ಪಂಕ್ ರಾಕ್ ತಂಡ ಕಟ್ಟಿದರು. ತಂದೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣ್ಣ ಡೇವಿಡ್ ತಂಡಕ್ಕೆ 'ಡೆತ್', ಅಂದರೆ 'ಸಾವು' ಎಂದೇ ಹೆಸರಿಟ್ಟರು. ಜನ ಅಂಜುವ ಆ ಪದಕ್ಕೆ ಒಳ್ಳೆಯ ಅರ್ಥ ತರಬೇಕೆಂಬುದು ಅವರ ಆಸೆ.

1975ರಲ್ಲಿ ಏಳು ಹಾಡು ರೆಕಾರ್ಡ್ ಆದವು. ಹೆಸರು ಬದಲಿಸಿ ಎಂದಿತು ದೊಡ್ಡ ಕಂಪನಿ. ಡೇವಿಡ್ ಒಪ್ಪಲಿಲ್ಲ. ಆಲ್ಬಂ ನಿಂತೇಹೋಯಿತು. 2000ದಲ್ಲಿ ಡೇವಿಡ್ ಕ್ಯಾನ್ಸರ್‌ನಿಂದ ತೀರಿಕೊಂಡರು. ತಮ್ಮ ಜೋಪಾನವಾಗಿಟ್ಟಿದ್ದ ಟೇಪುಗಳಿಂದ 2009ರಲ್ಲಿ, 34 ವರ್ಷ ತಡವಾಗಿ, ಅದೇ ಹೆಸರಿನಲ್ಲಿ ಆಲ್ಬಂ ಹೊರಬಂತು.

ಹೆಸರಿಗೆ ಅಂಟಿಕೊಳ್ಳುವುದೂ ತೃಷ್ಣೆಯಲ್ಲವೇ ಎಂದು ಕೇಳಬಹುದು. ಡೇವಿಡ್ ಬಿಟ್ಟದ್ದು ಹಣ, ಕೀರ್ತಿ. ಉಳಿಸಿಕೊಂಡದ್ದು ತಮ್ಮ ಸತ್ಯ. ಇದು ಅಧಿಟ್ಠಾನ, ಅಲುಗದ ಸಂಕಲ್ಪ.

ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ' ಪ್ರಕಟವಾದದ್ದನ್ನು ನೋಡಲಿಲ್ಲ. ಅದು ಬಂದದ್ದು 1957ರಲ್ಲಿ, ಅವರ ಪರಿನಿಬ್ಬಾಣದ ನಂತರ.

ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಎಂದರೆ ನಮ್ಮ ನಾಲಿಗೆ ತಡವರಿಸುತ್ತದೆ. ಇನ್ನು ಮುಂದೆ ನೇರವಾಗಿ ಹೇಳೋಣ: ನಾವು ಬೌದ್ಧರು. ಮನೆ ಸಿಗುವುದು ತಡವಾಗಬಹುದು. ಸಿಕ್ಕ ಮನೆಯಲ್ಲಿ ತಲೆ ಎತ್ತಿ ಇರುತ್ತೇವೆ.

ಸಾಧು, ಸಾಧು, ಸಾಧು.